ಎರಡು ವರ್ಷಗಳ ಅನುಭವ: ಶುಶ್ರೂಷಾ ವೃತ್ತಿಯಲ್ಲಿ ಸ್ಥಳಾಂತರದ ಸ್ವರೂಪ

'ಶುಶ್ರೂಷೆ' ಎಂಬ ಶಬ್ದವನ್ನು ಕನ್ನಡವು ಸಂಸ್ಕೃತದಿಂದ ಪಡೆದಿದೆ. ಕೇಳು ಎಂಬ ಅರ್ಥದ 'ಶ್ರು' ಧಾತುವಿನ ಇಚ್ಛಾರ್ಥಕ ರೂಪದಿಂದ ಹುಟ್ಟಿದ ಈ ಶಬ್ದಕ್ಕೆ 'ಕೇಳುವ ಬಯಕೆ' ಎಂಬುದೇ ಮೂಲಾರ್ಥ. ಗಮನವಿಟ್ಟು ಕೇಳಬಲ್ಲವರೇ ಸೇವೆ ಮಾಡಬಲ್ಲರೆಂಬ ಭಾವದಿಂದ ಅದು ಕ್ರಮೇಣ ಸೇವೆ, ಆರೈಕೆ ಎಂಬ ಅರ್ಥಗಳನ್ನು ತಳೆಯಿತು. ಜನಸಾಮಾನ್ಯರ ಬಾಯಲ್ಲಿ ದಾದಿ, ನರ್ಸಮ್ಮ, ಸಿಸ್ಟರ್ ಎಂದೂ ಸರ್ಕಾರಿ ಕಡತಗಳಲ್ಲಿ ಶುಶ್ರೂಷಕಿ, ಶುಶ್ರೂಷಾಧಿಕಾರಿ ಎಂದೂ ಕರೆಸಿಕೊಳ್ಳುವ ಈ ವೃತ್ತಿಯವರು ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಸ್ಥಳಾಂತರಗೊಳ್ಳುವ ಉದ್ಯೋಗಿಗಳಲ್ಲಿ ಸೇರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಪ್ರಕಟಿಸಿದ ವರದಿಯಂತೆ ಜಗತ್ತಿನಲ್ಲಿ ಸುಮಾರು 2.98 ಕೋಟಿ ಶುಶ್ರೂಷಕರಿದ್ದು, ಅವರಲ್ಲಿ ಏಳು ಮಂದಿಗೆ ಒಬ್ಬರು ತಾವು ಹುಟ್ಟಿದ ದೇಶದಿಂದ ಹೊರಗೆ ದುಡಿಯುತ್ತಿದ್ದಾರೆ.

ಈ ವೃತ್ತಿಯವರ ಬದುಕಿನ ಒಂದು ನಿರ್ದಿಷ್ಟ ಘಟ್ಟವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಓದು ಮುಗಿಸಿ, ಮೊದಲ ಆಸ್ಪತ್ರೆಯಲ್ಲಿ ಎರಡು ಮೂರು ವರ್ಷ ದುಡಿದು, ಆ ಅನುಭವದ ಬಲದ ಮೇಲೆ ಬೇರೊಂದು ಊರಿಗೋ ರಾಜ್ಯಕ್ಕೋ ದೇಶಕ್ಕೋ ಕೆಲಸ ಅರಸಿ ಹೊರಡುವ ಘಟ್ಟವದು. ವಲಸೆಯನ್ನು ಕುರಿತ ಚರ್ಚೆಗಳು ಸಾಮಾನ್ಯವಾಗಿ ಹೊರಟ ಮೇಲಿನ ಬದುಕನ್ನು ಮತ್ತು ಊರಿಗೆ ಬರುವ ಹಣವನ್ನು ಕುರಿತು ಮಾತನಾಡುತ್ತವೆ. ಹೊರಡುವ ಮುಂಚಿನ ವರ್ಷಗಳನ್ನು ಬರಿಯ ಕಾಯುವ ಕಾಲವೆಂಬಂತೆ ದಾಟಿ ಹೋಗುತ್ತವೆ. ಆದರೆ ವಲಸೆಯ ಫಲಾಫಲಗಳು ಬಹುಮಟ್ಟಿಗೆ ನಿರ್ಧಾರವಾಗುವುದು ಆ ಅವಧಿಯಲ್ಲೇ. ಅದರ ಬೆಲೆಯನ್ನು ಯಾರು ತೆರುತ್ತಾರೆ, ಅದರ ಫಲ ಯಾರಿಗೆ ಸಲ್ಲುತ್ತದೆ ಎಂಬ ಪ್ರಶ್ನೆ, ನೂರಾರು ಶುಶ್ರೂಷಾ ಕಾಲೇಜುಗಳಿರುವ ಕರ್ನಾಟಕಕ್ಕೆ ಬಹಳ ಹತ್ತಿರದ್ದು.

ಹಿನ್ನೆಲೆ

ಹೆರಿಗೆ, ಬಾಣಂತನ, ಕೂಸಿನ ಆರೈಕೆಗಳನ್ನು ನಮ್ಮ ಹಳ್ಳಿಗಳಲ್ಲಿ ನೋಡಿಕೊಳ್ಳುತ್ತಿದ್ದವರು ಸೂಲಗಿತ್ತಿಯರು. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಸಂದಾಗ ಆ ಪರಂಪರೆಗೆ ರಾಷ್ಟ್ರಮಟ್ಟದ ಮನ್ನಣೆ ದೊರೆಯಿತು. ಸೂಲಗಿತ್ತಿಯ ಅನುಭವ ಅವಳು ಬಾಳಿದ ಊರಿಗೆ, ಅವಳು ಬಲ್ಲ ಮನೆತನಗಳಿಗೆ ಸೇರಿದ್ದು. ಅದನ್ನು ಕಾಗದದಲ್ಲಿ ಬರೆದು ಬೇರೊಂದು ಊರಿಗೆ ಒಯ್ಯುವ ಪ್ರಶ್ನೆಯೇ ಅಲ್ಲಿರಲಿಲ್ಲ. ತರಬೇತಿ, ಪರೀಕ್ಷೆ, ನೋಂದಣಿಗಳ ಆಧುನಿಕ ಶುಶ್ರೂಷೆ ಬಂದದ್ದು ಆಸ್ಪತ್ರೆಗಳ ಜೊತೆಯಲ್ಲಿ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅವರು 1880ರಲ್ಲಿ ಆರಂಭಿಸಿದ ಸೇವಾಕಾರ್ಯ, ಬೆಂಗಳೂರಿನ ಸೇಂಟ್ ಮಾರ್ಥಾಸ್ (1886) ಮತ್ತು ವಿಕ್ಟೋರಿಯಾ (1900) ಆಸ್ಪತ್ರೆಗಳು, ಮೈಸೂರಿನ ಜನ ಇಂದಿಗೂ ಮಿಷನ್ ಆಸ್ಪತ್ರೆಯೆಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ (1906) ಇವು ಈ ನಾಡಿನಲ್ಲಿ ಆ ಬದಲಾವಣೆಯ ಮೊದಲ ನೆಲೆಗಳಲ್ಲಿ ಮುಖ್ಯವಾದವು.

ಈ ವೃತ್ತಿಯನ್ನು ಸಮಾಜ ಬಹುಕಾಲ ಗೌರವದಿಂದ ಕಾಣಲಿಲ್ಲ. ಅನ್ಯರ ಮೈ ಮುಟ್ಟಬೇಕು, ಮಲಮೂತ್ರ ರಕ್ತಗಳನ್ನು ಶುಚಿಗೊಳಿಸಬೇಕು, ರಾತ್ರಿ ಪಾಳಿಯಲ್ಲಿ ಮನೆಯಿಂದ ಹೊರಗಿರಬೇಕು ಎಂಬ ಕಾರಣಗಳಿಂದ, ಮಡಿಮೈಲಿಗೆಯ ಕಟ್ಟುಪಾಡಿನಲ್ಲಿದ್ದ ಕುಟುಂಬಗಳು ಹೆಣ್ಣುಮಕ್ಕಳನ್ನು ಇದಕ್ಕೆ ಕಳುಹಿಸಲು ಹಿಂಜರಿದವು. ಕರಾವಳಿಯ ಮತ್ತು ಕೇರಳದ ಕ್ರೈಸ್ತ ಕುಟುಂಬಗಳ ಹೆಣ್ಣುಮಕ್ಕಳು ಆರಂಭದಲ್ಲಿ ಹೆಚ್ಚು ಸಂಖ್ಯೆಯಲ್ಲಿ ಕಾಣಿಸಿಕೊಳ್ಳಲು ಇದೂ ಒಂದು ಕಾರಣ. ವೃತ್ತಿಯ ಮಾನ ಹೆಚ್ಚಿದ್ದು ಬಹುಮಟ್ಟಿಗೆ ವಲಸೆಯಿಂದಲೇ ಎಂಬುದು ಗಮನಾರ್ಹ. 1960ರ ದಶಕದಲ್ಲಿ ಚರ್ಚಿನ ಮೂಲಕ ಕೇರಳದ ತರುಣಿಯರು ಪಶ್ಚಿಮ ಜರ್ಮನಿಗೆ ತೆರಳಿದರು. ಅಮೆರಿಕವು 1965ರಲ್ಲಿ ವಲಸೆ ಕಾನೂನನ್ನು ಬದಲಿಸಿದ ಮೇಲೆ ಅಲ್ಲಿಯ ದಾರಿ ತೆರೆಯಿತು. 1970ರ ದಶಕದ ತೈಲಸಂಪತ್ತಿನಿಂದ ಕೊಲ್ಲಿ ರಾಷ್ಟ್ರಗಳಲ್ಲಿ ಆಸ್ಪತ್ರೆಗಳು ಎದ್ದವು. ಅಮೆರಿಕಕ್ಕೆ ಹೋದ ಕೇರಳದ ಶುಶ್ರೂಷಕಿಯರನ್ನು ಕುರಿತು ಶೀಬಾ ಜಾರ್ಜ್ ಅವರು 2005ರಲ್ಲಿ ಪ್ರಕಟಿಸಿದ ಅಧ್ಯಯನವು, ಹೆಂಡತಿ ಮೊದಲು ಹೋಗಿ ಗಂಡ ಹಿಂಬಾಲಿಸಿದಾಗ ಮನೆಯೊಳಗಿನ ಸಂಬಂಧಗಳು ಹೇಗೆ ಮರುಹೊಂದಾಣಿಕೆ ಬೇಡುತ್ತವೆ ಎಂಬುದನ್ನು ವಿವರಿಸುತ್ತದೆ.

ಕರ್ನಾಟಕದ ಸ್ಥಾನ ಈ ಚಿತ್ರದಲ್ಲಿ ವಿಶಿಷ್ಟವಾದದ್ದು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಬೆಂಗಳೂರು, ಮಂಗಳೂರು, ಮೈಸೂರು, ತುಮಕೂರು ಮೊದಲಾದೆಡೆ ಖಾಸಗಿ ಶುಶ್ರೂಷಾ ಕಾಲೇಜುಗಳು ವೇಗವಾಗಿ ಬೆಳೆದವು. ಅಲ್ಲಿ ಓದುವವರಲ್ಲಿ ಕೇರಳದಿಂದ ಬಂದವರ ಪಾಲು ದೊಡ್ಡದು. ಈಶಾನ್ಯ ರಾಜ್ಯಗಳಿಂದಲೂ ಪಶ್ಚಿಮ ಬಂಗಾಳದಿಂದಲೂ ವಿದ್ಯಾರ್ಥಿಗಳು ಬರುತ್ತಾರೆ. ಹೀಗಾಗಿ ಕರ್ನಾಟಕವು ಏಕಕಾಲಕ್ಕೆ ವಲಸೆ ಬರುವ, ವಲಸೆ ಹೋಗುವ ಮತ್ತು ನಡುವೆ ತಂಗುವ ನೆಲವಾಗಿದೆ. ಅನೇಕರಿಗೆ ಇಲ್ಲಿಯ ಆಸ್ಪತ್ರೆಯ ಮೊದಲ ನೌಕರಿಯೇ ಎರಡನೆಯ ಸ್ಥಳಾಂತರ, ವಿದೇಶಯಾನ ಮೂರನೆಯದು. ದಕ್ಷಿಣ ಕನ್ನಡ ಮತ್ತು ಉಡುಪಿಯವರಿಗೆ ಮುಂಬಯಿಯ ಆಸ್ಪತ್ರೆಗಳು ಬಹುಕಾಲ ಇಂಥದೇ ನಡುದಾರಿಯ ತಂಗುದಾಣಗಳಾಗಿದ್ದವು. ಊರಿನಿಂದ ಮುಂಬಯಿಗೆ, ಅಲ್ಲಿಂದ ಕೊಲ್ಲಿಗೆ ಎಂಬ ಹಾದಿ ಕರಾವಳಿಯ ಇತರ ಉದ್ಯೋಗಿಗಳು ಸವೆಸಿದ ಹಾದಿಯೇ ಆಗಿತ್ತು.

ಎರಡು ವರ್ಷ ಏಕೆ?

ಕೊಲ್ಲಿ ರಾಷ್ಟ್ರಗಳ ನೇಮಕಾತಿ ಪ್ರಕಟಣೆಗಳಲ್ಲಿ 'ಕನಿಷ್ಠ ಎರಡು ವರ್ಷಗಳ ಅನುಭವ' ಎಂಬ ಷರತ್ತು ದೀರ್ಘಕಾಲದಿಂದ ಕಾಣಿಸಿಕೊಳ್ಳುತ್ತ ಬಂದಿದೆ. ದೇಶದೊಳಗೂ ಇದರ ಮಾದರಿಯೊಂದಿದೆ. ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಗಳ ಶುಶ್ರೂಷಾಧಿಕಾರಿ ಹುದ್ದೆಗೆ 2020ರಿಂದ ನಡೆಯುತ್ತಿರುವ ಸಾಮಾನ್ಯ ಅರ್ಹತಾ ಪರೀಕ್ಷೆಯಲ್ಲಿ ಪದವೀಧರರು ಅನುಭವವಿಲ್ಲದೆಯೂ ಕೂರಬಹುದು, ಜಿ.ಎನ್.ಎಂ. ಡಿಪ್ಲೊಮಾ ಪಡೆದವರು ಕನಿಷ್ಠ 50 ಹಾಸಿಗೆಗಳ ಆಸ್ಪತ್ರೆಯಲ್ಲಿ ಎರಡು ವರ್ಷ ದುಡಿದಿರಬೇಕು. ಅಂದರೆ ಅನುಭವಕ್ಕೆ ಕಾಲದ ಅಳತೆಯಷ್ಟೇ ಅಲ್ಲದೆ ಸ್ಥಳದ ಅಳತೆಯೂ ಉಂಟು. ಬ್ರಿಟನ್ನಿನ ಶುಶ್ರೂಷಾ ಮಂಡಳಿಯು ಒಂದು ಕಾಲಕ್ಕೆ ವಿದೇಶೀ ಅಭ್ಯರ್ಥಿಗಳಿಂದ ಹನ್ನೆರಡು ತಿಂಗಳ ವೃತ್ತಿಯನ್ನು ಕಡ್ಡಾಯವಾಗಿ ಕೇಳುತ್ತಿತ್ತು. ಮುಂದೆ ಅದನ್ನು ಕೈಬಿಟ್ಟಿತು. ಅಮೆರಿಕದ ಪರವಾನಗಿ ಪರೀಕ್ಷೆಗೆ ಅನುಭವವೇ ಬೇಡ. ಆದರೆ ನಿಯಂತ್ರಕ ಮಂಡಳಿ ಕೇಳದಿದ್ದರೂ ಕೆಲಸ ಕೊಡುವ ಆಸ್ಪತ್ರೆ ಅನುಭವವನ್ನು ಕೇಳುತ್ತದೆ. ಈ ಎರಡರ ವ್ಯತ್ಯಾಸವನ್ನು ಅರಿಯದೆ ಪರೀಕ್ಷೆ ಮುಗಿಸಿ ಕಾಯುತ್ತ ಕುಳಿತವರು ಅನೇಕರಿದ್ದಾರೆ.

ಈ ಷರತ್ತಿನ ಹಿಂದೆ ಆಡಳಿತದ ಅನುಕೂಲಕ್ಕಿಂತ ಆಳವಾದ ಕಾರಣವೊಂದಿದೆ. ಅಮೆರಿಕದ ಶುಶ್ರೂಷಾ ವಿದ್ವಾಂಸೆ ಪೆಟ್ರೀಷಿಯಾ ಬೆನ್ನರ್ ಅವರು 1984ರಲ್ಲಿ ಪ್ರಕಟಿಸಿದ 'ಫ್ರಮ್ ನೊವಿಸ್ ಟು ಎಕ್ಸ್‌ಪರ್ಟ್' ಎಂಬ ಗ್ರಂಥದಲ್ಲಿ ಶುಶ್ರೂಷಕಿಯ ಬೆಳವಣಿಗೆಯನ್ನು ಐದು ಹಂತಗಳಾಗಿ ವಿಂಗಡಿಸಿದರು. ಹೊಸಬಳು, ಪ್ರಗತಿಪರ ಆರಂಭಿಕಳು, ಸಮರ್ಥಳು, ನಿಪುಣಳು, ಪರಿಣತೆ ಎಂದು ಇವನ್ನು ಕನ್ನಡದಲ್ಲಿ ಹೇಳಬಹುದು. ಒಂದೇ ಅಥವಾ ಒಂದೇ ಬಗೆಯ ಪರಿಸರದಲ್ಲಿ ಎರಡರಿಂದ ಮೂರು ವರ್ಷ ದುಡಿದವರಲ್ಲಿ 'ಸಮರ್ಥ' ಎಂಬ ಮೂರನೆಯ ಹಂತ ಕಾಣಿಸಿಕೊಳ್ಳುತ್ತದೆಂಬುದು ಅವರ ನಿರೂಪಣೆ. ಇದಕ್ಕೆ ಹತ್ತು ವರ್ಷ ಮೊದಲು, 1974ರಲ್ಲಿ, ಮಾರ್ಲೀನ್ ಕ್ರೇಮರ್ ಅವರು ತರಗತಿಯಲ್ಲಿ ಕಲಿತ ಆದರ್ಶಕ್ಕೂ ವಾರ್ಡಿನ ವಾಸ್ತವಕ್ಕೂ ಇರುವ ಅಂತರದಿಂದ ಹೊಸಬರಿಗಾಗುವ ಆಘಾತವನ್ನು ವಿವರಿಸಿದ್ದರು. ಆ ಆಘಾತವನ್ನು ದಾಟಿ ಸಾಮರ್ಥ್ಯದ ಹೊಸ್ತಿಲನ್ನು ಮುಟ್ಟಲು ಬೇಕಾಗುವ ಕಾಲವೇ ಈ ಎರಡು ವರ್ಷ.

ಸಾಮರ್ಥ್ಯವೆಂದರೇನೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಶಸ್ತ್ರಚಿಕಿತ್ಸೆಯಾಗಿ ವಾರ್ಡಿಗೆ ಬಂದ ರೋಗಿಯ ದೇಹದೊಳಗೆ ರಕ್ತಸ್ರಾವ ಆಗುತ್ತಿದೆ ಎಂದುಕೊಳ್ಳೋಣ. ರಕ್ತದೊತ್ತಡ ಕುಸಿಯುವುದು ಸಾಮಾನ್ಯವಾಗಿ ತಡವಾಗಿ. ಅದಕ್ಕೂ ಮೊದಲೇ ನಾಡಿಯ ಬಡಿತ ಏರುತ್ತದೆ, ಮೂತ್ರದ ಪ್ರಮಾಣ ಇಳಿಯುತ್ತದೆ, ಕೈಕಾಲು ತಣ್ಣಗಾಗುತ್ತವೆ, ರೋಗಿ ಕಾರಣವಿಲ್ಲದೆ ಚಡಪಡಿಸುತ್ತಾನೆ. ಹೊಸಬಳಾದ ಶುಶ್ರೂಷಕಿ ಒಂದೊಂದು ಅಂಕಿಯನ್ನೂ ತಪ್ಪಿಲ್ಲದೆ ದಾಖಲಿಸುತ್ತಾಳೆ. ಆದರೆ ಅವೆಲ್ಲ ಸೇರಿ ಹೇಳುತ್ತಿರುವುದೇನೆಂಬುದು ಅವಳಿಗೆ ಹೊಳೆಯದೇ ಹೋಗಬಹುದು. ಇಂಥ ಹತ್ತಾರು ರಾತ್ರಿಗಳನ್ನು ಕಂಡವಳು ಎರಡು ಅಂಕಿ ನೋಡುವಷ್ಟರಲ್ಲಿ ವೈದ್ಯರಿಗೆ ಕರೆ ಕಳುಹಿಸುತ್ತಾಳೆ. ಈ ವಿವೇಚನೆಯನ್ನು ಯಾವ ಪಠ್ಯವೂ ಪೂರ್ತಿಯಾಗಿ ಕಲಿಸಲಾರದು. ಅದು ರೋಗಿಗಳ ಬಳಿಯಲ್ಲಿ, ಹಿರಿಯ ಸಿಸ್ಟರುಗಳ ಕಣ್ಣಳತೆಯಲ್ಲಿ ಮಾತ್ರ ಬೆಳೆಯುವಂಥದು.

ಇಲ್ಲಿಯೇ ನಮ್ಮ ವಿಷಯದ ಮುಖ್ಯ ತೊಡಕು ಎದುರಾಗುತ್ತದೆ. ಬೆನ್ನರ್ ಅವರ ಲೆಕ್ಕದಲ್ಲಿ ಶುಶ್ರೂಷಕಿ ಸಮರ್ಥಳಾಗುವ ಹೊತ್ತೂ, ನೇಮಕಾತಿ ಪ್ರಕಟಣೆಯ ಲೆಕ್ಕದಲ್ಲಿ ಅವಳು ಹೊರಡಲು ಅರ್ಹಳಾಗುವ ಹೊತ್ತೂ ಒಂದೇ. ಕಲಿಯುವ ವರ್ಷಗಳು ಇಲ್ಲಿಯ ರೋಗಿಗಳ ನಡುವೆ ಕಳೆಯುತ್ತವೆ. ಕಲಿತ ಮೇಲಿನ ವರ್ಷಗಳು ಬೇರೆಡೆಯ ರೋಗಿಗಳಿಗೆ ಸಲ್ಲುತ್ತವೆ. ಪೈರು ಕೊಯ್ಲಿಗೆ ಬರುವ ಹೊತ್ತಿಗೆ ಗದ್ದೆ ಕೈಬದಲಾಗುವ ಈ ಸ್ಥಿತಿಯಲ್ಲಿ, ಹೊರಡುವವಳನ್ನು ದೂರುವುದು ನ್ಯಾಯವಲ್ಲ. ಅವಳು ಹೊರಡುವಂತೆ ಮಾಡುವ ವ್ಯವಸ್ಥೆಯನ್ನು ಪರಿಶೀಲಿಸುವುದು ಅಗತ್ಯ.

ಅನುಭವದ ಬೆಲೆ

ಹೊರಡಲು ಅನುಭವ ಬೇಕೇ ಬೇಕೆಂದಾದಾಗ ಆ ಅನುಭವವನ್ನು ಕೊಡಬಲ್ಲ ಆಸ್ಪತ್ರೆಯ ಕೈ ಮೇಲಾಗುತ್ತದೆ. ಸಂಬಳ ಕಡಿಮೆಯಾದರೂ, ಪಾಳಿ ದೀರ್ಘವಾದರೂ, ಹಾಸಿಗೆಗಳ ಸಂಖ್ಯೆಗೆ ತಕ್ಕಷ್ಟು ಸಿಬ್ಬಂದಿ ಇಲ್ಲದಿದ್ದರೂ 'ಎರಡು ವರ್ಷ ಹೇಗೋ ಕಳೆದರೆ ಸಾಕು' ಎಂದು ತರುಣಿ ಸಹಿಸಿಕೊಳ್ಳುತ್ತಾಳೆ. ಶಿಕ್ಷಣಕ್ಕೆಂದು ಬ್ಯಾಂಕಿನಿಂದ ತೆಗೆದ ಸಾಲದ ಕಂತು ಅವಳ ಬೆನ್ನ ಮೇಲಿರುತ್ತದೆ. ಅನೇಕ ಖಾಸಗಿ ಆಸ್ಪತ್ರೆಗಳು ಇಂತಿಷ್ಟು ಕಾಲ ಬಿಟ್ಟು ಹೋಗಕೂಡದೆಂದು ಬಾಂಡ್ ಬರೆಸಿಕೊಂಡು, ಮೂಲ ಪ್ರಮಾಣಪತ್ರಗಳನ್ನು ತಮ್ಮಲ್ಲಿಯೇ ಇಟ್ಟುಕೊಳ್ಳುವ ರೂಢಿ ಬೆಳೆಸಿಕೊಂಡಿದ್ದವು. 2011 ಮತ್ತು 2012ರಲ್ಲಿ ಮುಂಬಯಿ, ದೆಹಲಿ ಮತ್ತು ಕೇರಳದ ಖಾಸಗಿ ಆಸ್ಪತ್ರೆಗಳಲ್ಲಿ ನಡೆದ ಶುಶ್ರೂಷಕಿಯರ ಮುಷ್ಕರಗಳು ಈ ಪದ್ಧತಿಯನ್ನೂ ಕಡಿಮೆ ವೇತನವನ್ನೂ ಸಾರ್ವಜನಿಕರ ಕಣ್ಣಿಗೆ ತಂದವು.

1908ರಲ್ಲಿ ಹುಟ್ಟಿದ ಭಾರತೀಯ ತರಬೇತಿ ಪಡೆದ ಶುಶ್ರೂಷಕಿಯರ ಸಂಘವು ಈ ವಿಷಯವನ್ನು ಸರ್ವೋಚ್ಚ ನ್ಯಾಯಾಲಯಕ್ಕೆ ಒಯ್ದಿತು. ನ್ಯಾಯಾಲಯದ 2016ರ ಜನವರಿಯ ಆದೇಶದಂತೆ ಕೇಂದ್ರ ಸರ್ಕಾರ ಸಮಿತಿಯೊಂದನ್ನು ರಚಿಸಿತು. ಸಮಿತಿಯ ಶಿಫಾರಸು ಹೀಗಿತ್ತು: 200ಕ್ಕಿಂತ ಹೆಚ್ಚು ಹಾಸಿಗೆಗಳಿರುವ ಖಾಸಗಿ ಆಸ್ಪತ್ರೆಯಲ್ಲಿ ವೇತನವು ಆಯಾ ರಾಜ್ಯದ ಸರ್ಕಾರಿ ಶುಶ್ರೂಷಕಿಯ ವೇತನಕ್ಕೆ ಸಮನಾಗಿರಬೇಕು, 100ಕ್ಕಿಂತ ಹೆಚ್ಚಿದ್ದರೆ ಅದಕ್ಕಿಂತ ಶೇ. 10ಕ್ಕೂ, 50ರಿಂದ 100ರ ನಡುವೆ ಇದ್ದರೆ ಶೇ. 25ಕ್ಕೂ ಮೀರಿ ಕಡಿಮೆಯಿರಬಾರದು; 50ಕ್ಕಿಂತ ಕಡಿಮೆ ಹಾಸಿಗೆಗಳಿರುವಲ್ಲಿಯೂ ತಿಂಗಳಿಗೆ 20,000 ರೂಪಾಯಿಗಿಂತ ಕೆಳಗಿಳಿಯಬಾರದು. ಆದರೆ ಇದನ್ನು ಕಾರ್ಯಗತಗೊಳಿಸುವ ಹೊಣೆ ರಾಜ್ಯಗಳದು. ಶಿಫಾರಸಿಗೂ ಸಂಬಳದ ಚೀಟಿಗೂ ನಡುವೆ ದೊಡ್ಡ ಅಂತರವಿದೆ.

ಕಡಿಮೆ ವೇತನದಿಂದ ಆಸ್ಪತ್ರೆಗೆ ಲಾಭವೆಂದು ತೋರಿದರೂ ಅದು ಅರ್ಧಸತ್ಯ. ಎರಡು ವರ್ಷಕ್ಕೊಮ್ಮೆ ಖಾಲಿಯಾಗುವ ವಾರ್ಡಿನಲ್ಲಿ ಹೊಸಬರಿಗೆ ಕಲಿಸುವ ಹಿರಿಯರು ಉಳಿಯುವುದಿಲ್ಲ. ಹೊಸಬಳಿಗೆ ಹೊಸಬಳೇ ಗುರುವಾಗುತ್ತಾಳೆ. ಹೀಗಾದಾಗ ಎರಡು ವರ್ಷದ ಅನುಭವವೆಂದು ಕಾಗದದಲ್ಲಿ ಬರೆದದ್ದು ನಿಜದಲ್ಲಿ ಒಂದೇ ವರ್ಷದ ಅನುಭವದ ಪುನರಾವರ್ತನೆಯಾಗುವ ಅಪಾಯವಿದೆ. ಅದರ ನಷ್ಟ ರೋಗಿಯದು, ಹೊರಟವಳದು, ಆಸ್ಪತ್ರೆಯದು, ಎಲ್ಲರದೂ ಹೌದು.

ಅನುಭವವನ್ನು ಒಯ್ಯುವ ಬಗೆ

ಕೈಗೂಡಿದ ಅನುಭವವು ಗಡಿ ದಾಟಬೇಕಾದರೆ ಅದು ಕಾಗದದ ರೂಪ ಪಡೆಯಬೇಕು. ಆರಂಭದ ಕಾಗದ ರಾಜ್ಯ ಮಂಡಳಿಯ ನೋಂದಣಿ. ಕರ್ನಾಟಕದಲ್ಲಿ ಇದಕ್ಕೆ 1961ರ ಕಾಯ್ದೆಯ ಆಧಾರವಿದೆ. ಕೇಂದ್ರದಲ್ಲಿದ್ದ 1947ರ ಭಾರತೀಯ ಶುಶ್ರೂಷಾ ಪರಿಷತ್ ಕಾಯ್ದೆಯ ಸ್ಥಾನಕ್ಕೆ ಹೊಸ ರಾಷ್ಟ್ರೀಯ ಆಯೋಗವನ್ನು ತರುವ ಕಾಯ್ದೆಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿತು. ಒಂದು ರಾಜ್ಯದಲ್ಲಿ ನೋಂದಾಯಿತರಾದವರು ಇನ್ನೊಂದು ರಾಜ್ಯದಲ್ಲಿ ದುಡಿಯಬೇಕಾದರೆ ಅಲ್ಲಿಯ ಮಂಡಳಿಯ ನೋಂದಣಿಯನ್ನೂ ಪಡೆಯಬೇಕು. ಇದನ್ನು ಮಾಡದೆ ಕಳೆದ ತಿಂಗಳುಗಳು ಮುಂದೆ ಪರಿಶೀಲನೆಯಲ್ಲಿ ಅನುಭವವಾಗಿ ಲೆಕ್ಕಕ್ಕೆ ಬಾರದಿರಬಹುದು.

ಅದರ ಜೊತೆಗೆ ಬೇಕಾಗುವುದು ಅನುಭವ ಪತ್ರ. ಸೇರಿದ ಮತ್ತು ಬಿಟ್ಟ ದಿನಾಂಕ, ಹುದ್ದೆಯ ಹೆಸರು, ದುಡಿದ ವಿಭಾಗ, ಆಸ್ಪತ್ರೆಯ ಹಾಸಿಗೆಗಳ ಸಂಖ್ಯೆ, ಪೂರ್ಣಾವಧಿ ಕೆಲಸವೆಂಬ ಉಲ್ಲೇಖ ಇವು ಅದರಲ್ಲಿ ಸ್ಪಷ್ಟವಾಗಿರಬೇಕು. 'ಸ್ಟಾಫ್ ನರ್ಸ್ ಆಗಿ ತೃಪ್ತಿಕರ ಸೇವೆ ಸಲ್ಲಿಸಿದ್ದಾರೆ' ಎಂಬ ಒಂದು ಸಾಲಿನ ಪತ್ರ ಸಾಲದು. ಕೊಲ್ಲಿ ರಾಷ್ಟ್ರಗಳು ಡೇಟಾಫ್ಲೋದಂಥ ಸಂಸ್ಥೆಗಳ ಮೂಲಕ ಪ್ರತಿಯೊಂದು ಪತ್ರವನ್ನೂ ಅದು ಹೊರಟ ಮೂಲದಲ್ಲಿಯೇ ವಿಚಾರಿಸಿ ದೃಢಪಡಿಸಿಕೊಳ್ಳುತ್ತವೆ. ಆಸ್ಪತ್ರೆ ಮುಚ್ಚಿದ್ದರೆ, ದಾಖಲೆ ಇಲ್ಲವೆಂದರೆ, ಅಥವಾ ಮುನಿಸಿನಿಂದ ಉತ್ತರಿಸದಿದ್ದರೆ ಎರಡು ವರ್ಷದ ದುಡಿಮೆ ಇದ್ದೂ ಇಲ್ಲದಂತಾಗುತ್ತದೆ. ವೃತ್ತಿಯಿಂದ ದೀರ್ಘಕಾಲ ದೂರವಿದ್ದರೂ ಅನುಭವದ ಮೌಲ್ಯ ಇಳಿಯುತ್ತದೆ. ಮದುವೆ, ಹೆರಿಗೆಗಳಿಗೆಂದು ವಿರಾಮ ಪಡೆಯುವ ಹೆಣ್ಣುಮಕ್ಕಳಿಗೆ ಈ ನಿಯಮ ವಿಶೇಷವಾಗಿ ಕಠಿಣ.

ಇನ್ನು ಪರೀಕ್ಷೆಗಳು. ಕೊಲ್ಲಿಯ ದೇಶಗಳಿಗೆ ಗಣಕಯಂತ್ರದಲ್ಲಿ ಬರೆಯುವ ಪರವಾನಗಿ ಪರೀಕ್ಷೆ. ಬ್ರಿಟನ್ನಿಗೆ ಇಂಗ್ಲಿಷ್ ಭಾಷಾ ಪರೀಕ್ಷೆ, ಗಣಕ ಪರೀಕ್ಷೆ, ಮತ್ತು 2014ರಿಂದ ಆ ದೇಶದಲ್ಲಿಯೇ ಮಾಡಿ ತೋರಿಸಬೇಕಾದ ಪ್ರಾಯೋಗಿಕ ಪರೀಕ್ಷೆ. ಜರ್ಮನಿಗೆ ಆ ದೇಶದ ಭಾಷೆ ಮತ್ತು ಅರ್ಹತೆಯ ಮಾನ್ಯತೆ. ಅಮೆರಿಕದ ಎನ್.ಸಿ.ಎಲ್.ಇ.ಎಕ್ಸ್. ಪರೀಕ್ಷೆಯನ್ನು 2006ರಿಂದ ಭಾರತದಲ್ಲಿಯೇ ಬರೆಯುವ ಅವಕಾಶ ದೊರೆತಾಗ ಆಯ್ಕೆಯಾದ ನಗರಗಳಲ್ಲಿ ಬೆಂಗಳೂರೂ ಒಂದು. ಆದರೆ ಪರೀಕ್ಷೆಯಲ್ಲಿ ಉತ್ತೀರ್ಣರಾದವರೂ ವೀಸಾದ ಸರದಿಯಲ್ಲಿ ವರ್ಷಗಟ್ಟಲೆ ಕಾಯಬೇಕಾಗುತ್ತದೆ.

ಈ ದಾರಿಯುದ್ದಕ್ಕೂ ದಲ್ಲಾಳಿಗಳ ಹಾವಳಿಯಿದೆ. 1983ರ ವಲಸೆ ಕಾಯ್ದೆಯ ನಿಯಮಗಳು ನೋಂದಾಯಿತ ನೇಮಕಾತಿ ಪ್ರತಿನಿಧಿಯ ಸೇವಾಶುಲ್ಕಕ್ಕೆ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆಯ ಮಿತಿ ಹಾಕಿವೆ. ಲಕ್ಷಗಟ್ಟಲೆ ಹಣ ಕೇಳುವವರು ಕಾನೂನಿನ ಹೊರಗಿನವರು. 2014ರ ಜೂನ್ ತಿಂಗಳಲ್ಲಿ ಇರಾಕಿನ ತಿಕ್ರಿತ್ ನಗರದ ಆಸ್ಪತ್ರೆಯಲ್ಲಿ 46 ಭಾರತೀಯ ಶುಶ್ರೂಷಕಿಯರು ಯುದ್ಧದ ನಡುವೆ ಸಿಲುಕಿ, ಜುಲೈ ತಿಂಗಳ ಮೊದಲ ವಾರ ಬಿಡುಗಡೆಯಾಗಿ ಊರು ಸೇರಿದರು. ಅವರಲ್ಲಿ ಬಹುತೇಕರು ಕೇರಳದವರು. ಹೊರಡಲು ಮಾಡಿದ ಸಾಲ ತೀರದೆ ಮರಳುವುದು ಹೇಗೆಂಬ ಚಿಂತೆ ಹಲವರದಾಗಿತ್ತು. ಗುಂಡಿನ ಸದ್ದಿಗಿಂತ ಸಾಲದ ಭಯ ದೊಡ್ಡದಾಗಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. 2015ರಲ್ಲಿ ಕೇಂದ್ರ ಸರ್ಕಾರವು, ವಲಸೆ ಅನುಮತಿ ಅಗತ್ಯವಿರುವ 18 ದೇಶಗಳಿಗೆ ಹೋಗುವ ಶುಶ್ರೂಷಕಿಯರು ಯಾವ ಬಗೆಯ ಪಾಸ್‌ಪೋರ್ಟ್ ಹೊಂದಿದ್ದರೂ ಈ ಅನುಮತಿ ಪಡೆಯಬೇಕೆಂದೂ, ಅವರ ನೇಮಕಾತಿ ಸರ್ಕಾರಿ ಸಂಸ್ಥೆಗಳ ಮೂಲಕವೇ ನಡೆಯಬೇಕೆಂದೂ ವಿಧಿಸಿತು. ಆರಂಭದಲ್ಲಿ ಈ ಹೊಣೆ ಹೊತ್ತವು ಕೇರಳದ ನೋರ್ಕಾ ರೂಟ್ಸ್ ಮತ್ತು ಒಡೆಪೆಕ್, ತಮಿಳುನಾಡಿನ ಸಾಗರೋತ್ತರ ಮಾನವಶಕ್ತಿ ನಿಗಮ. ಕರ್ನಾಟಕದಲ್ಲಿ ಕೌಶಲ್ಯಾಭಿವೃದ್ಧಿ ನಿಗಮದ ಅಂತಾರಾಷ್ಟ್ರೀಯ ವಲಸೆ ಕೇಂದ್ರ ಬಂದದ್ದು ಅದಕ್ಕಿಂತ ಬಹಳ ತಡವಾಗಿ. ಇಷ್ಟೊಂದು ಶುಶ್ರೂಷಕಿಯರನ್ನು ತಯಾರಿಸುವ ರಾಜ್ಯ ಅವರ ಪ್ರಯಾಣದ ಕಡೆ ಇಷ್ಟು ತಡವಾಗಿ ಕಣ್ಣು ಹಾಯಿಸಿತೆಂಬುದು ವಿಚಾರಾರ್ಹ.

ಕಾಗದದಲ್ಲಿ ಹಿಡಿಸದ್ದು

ಅನುಭವದ ಎಲ್ಲ ಅಂಶಗಳೂ ಹೀಗೆ ಒಯ್ಯಲು ಬರುವುದಿಲ್ಲ. ಅವುಗಳಲ್ಲಿ ಮುಖ್ಯವಾದದ್ದು ಭಾಷೆ. ನಮ್ಮ ರೋಗಿ ತನ್ನ ಸಂಕಟವನ್ನು ನೂರು ಬಗೆಯಲ್ಲಿ ಹೇಳುತ್ತಾನೆ: ಎದೆ ಹಿಡಿದಂತಾಗಿದೆ, ಹೊಟ್ಟೆ ತೊಳಸುತ್ತಿದೆ, ಕಣ್ಣು ಕತ್ತಲಿಟ್ಟಿತು, ಕಾಲು ಜೋಮು ಹಿಡಿದಿದೆ, ಸೆಳೆತ ಬರುತ್ತಿದೆ, ಉರಿಯುತ್ತಿದೆ. ಒಂದೊಂದು ಮಾತೂ ಒಂದೊಂದು ರೋಗಲಕ್ಷಣದ ಕಡೆಗೆ ಬೆರಳು ತೋರಿಸುತ್ತದೆ. ಕೊಟ್ಟಾಯಂನಿಂದ ಬೆಂಗಳೂರಿಗೆ ಬಂದ ತರುಣಿ ಇವನ್ನು ಕಲಿಯುವುದರಲ್ಲೇ ಒಂದು ವರ್ಷ ಕಳೆಯುತ್ತಾಳೆ. ಮೈಸೂರಿನವಳು ಕಲಬುರಗಿಗೆ ಹೋದರೆ 'ಎದ್ಯಾಗ ಹಿಡದಂಗ ಆಗೈತ್ರಿ' ಎಂಬುದಕ್ಕೆ ಕಿವಿಯನ್ನು ಹೊಸದಾಗಿ ಅಣಿಗೊಳಿಸಬೇಕು. ಮಂಗಳೂರಿಗೆ ಹೋದರೆ ತುಳು, ಕೊಂಕಣಿ, ಬ್ಯಾರಿ ಭಾಷೆಗಳು ಎದುರಾಗುತ್ತವೆ. ಹೀಗೆ ಕಷ್ಟಪಟ್ಟು ಕಲಿತ ಕಿವಿ ವಿದೇಶಕ್ಕೆ ಹೋದ ದಿನ ಮತ್ತೆ ಮೊದಲ ಪಾಠಕ್ಕೆ ಮರಳುತ್ತದೆ. ಪರೀಕ್ಷೆಯ ಇಂಗ್ಲಿಷೇ ಬೇರೆ, ನೋವಿನಲ್ಲಿ ಗೊಣಗುವ ಯಾರ್ಕ್‌ಷೈರಿನ ವೃದ್ಧೆಯ ಇಂಗ್ಲಿಷೇ ಬೇರೆ. ಶುಶ್ರೂಷೆಯ ಮೂಲಾರ್ಥ ಕೇಳುವಿಕೆಯೇ ಆಗಿರುವುದರಿಂದ ಇದನ್ನು ಅಲ್ಪ ವಿಷಯವೆಂದು ತಳ್ಳಿಹಾಕಲಾಗದು.

ಇದಲ್ಲದೆ ಕೆಲಸದ ಎಲ್ಲೆಗಳೂ ಬದಲಾಗುತ್ತವೆ. ನಮ್ಮ ಆಸ್ಪತ್ರೆಗಳಲ್ಲಿ ರೋಗಿಗೆ ಉಣಿಸುವುದು, ಮೈ ಒರೆಸುವುದು, ಹೊರಳಿಸಿ ಮಲಗಿಸುವುದು ಬಹುಮಟ್ಟಿಗೆ ಮನೆಯವರ ಇಲ್ಲವೆ ಆಯಾಗಳ ಪಾಲಿಗೆ ಬಿದ್ದಿದೆ. ಯೂರೋಪಿನ ದೇಶಗಳಲ್ಲಿ ಇವು ಶುಶ್ರೂಷೆಯ ಮೂಲ ಕರ್ತವ್ಯಗಳು. ತೀವ್ರ ನಿಗಾ ಘಟಕದಲ್ಲಿ ಕೃತಕ ಉಸಿರಾಟದ ಯಂತ್ರಗಳ ನಡುವೆ ದುಡಿದು ಹೆಮ್ಮೆಪಟ್ಟವಳು ಅಲ್ಲಿ ವೃದ್ಧರಿಗೆ ಸ್ನಾನ ಮಾಡಿಸುವ ಕೆಲಸದಿಂದ ಆರಂಭಿಸಿದಾಗ ತನ್ನನ್ನು ಕೀಳು ಮಾಡಲಾಯಿತೆಂದು ನೊಂದುಕೊಳ್ಳುತ್ತಾಳೆ. ಎಷ್ಟೇ ವರ್ಷದ ಅನುಭವವಿದ್ದರೂ ಬ್ರಿಟನ್ನಿನಲ್ಲಿ ನೋಂದಣಿಯಾದ ಮೇಲೆ ಬಹುಪಾಲು ಜನ ಸೇರುವುದು ಐದನೆಯ ಬ್ಯಾಂಡ್ ಎಂಬ ಪ್ರವೇಶಶ್ರೇಣಿಗೇ. ಹೊರಡಿಸಿದ ಖರ್ಚನ್ನು ಅವಧಿಗೆ ಮುಂಚೆ ಬಿಟ್ಟರೆ ಮರಳಿಸಬೇಕೆಂಬ ಷರತ್ತು ಕೆಲವು ಒಪ್ಪಂದಗಳಲ್ಲಿರುತ್ತದೆ. ಇಲ್ಲಿ ಬಿಟ್ಟು ಬಂದ ಬಾಂಡ್ ಅಲ್ಲಿ ಬೇರೆ ಹೆಸರಿನಲ್ಲಿ ಕಾದಿರುತ್ತದೆ. ಸಹಿ ಮಾಡುವ ಮೊದಲೇ ಒಪ್ಪಂದದ ಪ್ರತಿ ಸಾಲನ್ನೂ ಓದಿ ತಿಳಿಯಬೇಕಾದ ಅಗತ್ಯ ಇಲ್ಲಿದೆ.

ಆದರೂ ಹೋದವರು ಪಡೆಯುವುದು ಕಡಿಮೆಯೇನಲ್ಲ. ನ್ಯಾಯವಾದ ವೇತನ, ನಿಗದಿತ ಪಾಳಿ, ವೈದ್ಯರೆದುರು ತನ್ನ ಅಭಿಪ್ರಾಯವನ್ನು ನಿರ್ಭಯವಾಗಿ ಹೇಳುವ ಅವಕಾಶ, ಮುಂದಿನ ಓದು ಇವೆಲ್ಲ ದೊರೆಯುತ್ತವೆ. ತಂಗಿಯ ಓದು, ತಂದೆಯ ಔಷಧಿ, ಹಂಚಿನ ಮನೆಗೆ ತಾರಸಿ ಇವು ಆ ಸಂಬಳದಿಂದ ನಡೆಯುತ್ತವೆ. ಹೊರಡುವ ನಿರ್ಧಾರವನ್ನು ದೇಶಭಕ್ತಿಯ ತಕ್ಕಡಿಯಲ್ಲಿ ತೂಗುವವರು ಈ ಮಾತನ್ನು ಮರೆಯಬಾರದು.

ಉಳಿದವರ ಪ್ರಶ್ನೆ

ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಅಂಗೀಕರಿಸಿದ ನೇಮಕಾತಿ ಸಂಹಿತೆಯು, ಆರೋಗ್ಯ ಸಿಬ್ಬಂದಿಯ ತೀವ್ರ ಕೊರತೆಯಿರುವ ದೇಶಗಳಿಂದ ಜನರನ್ನು ಸೆಳೆಯಬಾರದೆಂದು ಹೇಳುತ್ತದೆ. 2023ರಲ್ಲಿ ಅದು ಪ್ರಕಟಿಸಿದ ಇಂಥ 55 ದೇಶಗಳ ಪಟ್ಟಿಯಲ್ಲಿ ಭಾರತವಿಲ್ಲ. ದೇಶದ ಸರಾಸರಿಯನ್ನು ನೋಡಿದರೆ ಇದು ಸರಿಯಿರಬಹುದು. ಆದರೆ ಸರಾಸರಿಯು ಬೆಂಗಳೂರನ್ನೂ ಯಾದಗಿರಿಯನ್ನೂ ಒಂದೇ ಲೆಕ್ಕಕ್ಕೆ ಸೇರಿಸುತ್ತದೆ. ಕಾಲೇಜುಗಳು ದಟ್ಟವಾಗಿರುವ ಜಿಲ್ಲೆಗಳಿಂದ ವಿದೇಶಕ್ಕೆ ಹೋಗುವ ದಾರಿ ಸುಗಮವಾಗಿದ್ದು, ಅದೇ ರಾಜ್ಯದ ಹಿಂದುಳಿದ ತಾಲ್ಲೂಕಿನ ಆಸ್ಪತ್ರೆಗೆ ಹೋಗುವ ದಾರಿ ದುರ್ಗಮವಾಗಿರುವುದು ನಮ್ಮ ಮುಂದಿರುವ ವಿರೋಧಾಭಾಸ. ಸಂವಿಧಾನದ 371ಜೆ ವಿಧಿಯಿಂದ ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ಉದ್ಯೋಗ ಮತ್ತು ಶಿಕ್ಷಣದಲ್ಲಿ ದೊರೆತ ಮೀಸಲಾತಿ ಅಲ್ಲಿಯವರೇ ಅಲ್ಲಿ ಓದಿ ದುಡಿಯುವ ಸಾಧ್ಯತೆಯನ್ನು ತೆರೆದಿದೆ. ರೋಗಿಯ ಮಾತು ತಿಳಿದವರು ಅವನ ಬಳಿ ಇರುವುದು ಶುಶ್ರೂಷೆಯ ದೃಷ್ಟಿಯಿಂದಲೂ ದೊಡ್ಡ ಲಾಭ. ಆದರೆ ಗುತ್ತಿಗೆಯ ನೇಮಕ ಮತ್ತು ಅನಿಶ್ಚಿತ ಸಂಬಳ ಇರುವವರೆಗೆ ಆ ಸಾಧ್ಯತೆ ಪೂರ್ಣವಾಗಿ ಕೈಗೂಡದು.

ಈ ವಿವೇಚನೆಯಿಂದ ಕೆಲವು ಸೂಚನೆಗಳು ಹೊರಡುತ್ತವೆ. ಮೊದಲ ಎರಡು ವರ್ಷಗಳನ್ನು ಹಿರಿಯರೊಬ್ಬರ ಮಾರ್ಗದರ್ಶನದಲ್ಲಿ ನಡೆಯುವ ವ್ಯವಸ್ಥಿತ ಕಲಿಕೆಯ ಅವಧಿಯೆಂದು ಆಸ್ಪತ್ರೆಗಳು ಮಾನ್ಯ ಮಾಡಬೇಕು; ಕಲಿಸುವ ಹಿರಿಯರಿಗೆ ಅದಕ್ಕೆ ತಕ್ಕ ಭತ್ಯೆ ಸಲ್ಲಬೇಕು. ಅನುಭವ ಪತ್ರವು ದುಡಿದವರ ಹಕ್ಕಾಗಬೇಕು. ಅದನ್ನು ಕೊಡುವುದು ಬಿಡುವುದು ಮಾಲೀಕರ ಮರ್ಜಿಗೆ ಬಿಟ್ಟ ವಿಷಯವಾಗಬಾರದು. ಹೊರರಾಜ್ಯದ ವಿದ್ಯಾರ್ಥಿಗಳಿಗೆ ರೋಗಿಯ ನೋವನ್ನು ಕೇಳುವ ಕನ್ನಡವನ್ನು ಕಾಲೇಜುಗಳೇ ಕಲಿಸಬೇಕು. ಇವೆಲ್ಲಕ್ಕಿಂತ ಮುಖ್ಯವಾಗಿ, ಮರಳಿ ಬರುವವರಿಗೆ ಬಾಗಿಲು ತೆರೆದಿರಬೇಕು. ಹತ್ತು ವರ್ಷ ವಿದೇಶದಲ್ಲಿ ದುಡಿದು ಬಂದವರು ಸರ್ಕಾರಿ ನೇಮಕಾತಿಯ ವಯೋಮಿತಿಯನ್ನು ಮೀರಿರುತ್ತಾರೆ. ಖಾಸಗಿ ಆಸ್ಪತ್ರೆ ಅವರನ್ನು ಹೊಸಬರ ಸಂಬಳಕ್ಕೆ ಕರೆಯುತ್ತದೆ. ಅವರು ಗಳಿಸಿ ತಂದ ಪರಿಣತಿ ಹೀಗೆ ಎಲ್ಲಿಗೂ ಸಲ್ಲದೆ ಮನೆಯಲ್ಲಿ ಕುಳಿತುಬಿಡುತ್ತದೆ. ಶುಶ್ರೂಷಾ ಕಾಲೇಜುಗಳಲ್ಲಿ, ಜಿಲ್ಲಾ ಆಸ್ಪತ್ರೆಗಳಲ್ಲಿ ಇಂಥವರನ್ನು ಬೋಧಕರಾಗಿ ಬಳಸಿಕೊಂಡರೆ ಹೊಸಬರಿಗೆ ಇಲ್ಲದ ಗುರುಗಳು ದೊರೆತಾರು.

ಒಟ್ಟಿನಲ್ಲಿ ಹೇಳುವುದಾದರೆ, ಶುಶ್ರೂಷಕಿಯರ ಸ್ಥಳಾಂತರವನ್ನು ತಡೆಯುವುದು ಸಾಧ್ಯವೂ ಅಲ್ಲ, ಉಚಿತವೂ ಅಲ್ಲ. ಸಾಧ್ಯವಾದದ್ದು, ಅವರು ಇಲ್ಲಿರುವ ಆರಂಭದ ವರ್ಷಗಳನ್ನು ಸತ್ವಯುತವಾಗಿಸುವುದು. ಹಾಗಾದಾಗ ಹೊರಡುವವರು ಸಾಲದ ಭಾರದಿಂದಲ್ಲದೆ ಸಾಮರ್ಥ್ಯದ ಬಲದಿಂದ ಹೊರಟಾರು. ಉಳಿಯಬಯಸುವವರಿಗೆ ಉಳಿಯಲು ಕಾರಣ ಸಿಕ್ಕೀತು. ಎರಡು ವರ್ಷವಾದರೂ ಅವರ ಆರೈಕೆಗೆ ಒಳಗಾದ ರೋಗಿಗೆ ನಿಜವಾದ ಶುಶ್ರೂಷೆ ದೊರೆತೀತು.